ಬುರುಡೆಯೊಳಗಿನ ಬೆಳಕು

ಹೋದ ತಿಂಗಳು ಒಂದು ರಾತ್ರಿ ಗೆಳೆಯನ ಮಗಳು ಹಾಂಗ್‌ಕಾಂಗ್‌ನಿಂದ ಫೋನು ಮಾಡಿದ್ದಳು. ಕೆಲಸಕ್ಕೆಂದು ಅಲ್ಲಿಗೆ ಹೋಗಿ ಎರಡು ವರ್ಷವಾಗಿದೆ. ಬಾಡಿಗೆ ಮನೆಯ ಬಲ್ಬು ಸುಟ್ಟುಹೋಗಿದೆ ಅಂತ ಕೆಳಗಿನ ಬೀದಿಯ ಅಂಗಡಿಗೆ ಹೋಗಿದ್ದಾಳೆ. ಅಂಗಡಿಯ ಮುದುಕನಿಗೆ ಇಂಗ್ಲಿಷು ಬಾರದು, ಇವಳಿಗೆ ಅವನ ಕ್ಯಾಂಟನೀಸ್ ಬಾರದು. ಕೈಸನ್ನೆ ಮಾಡಿದ ಮೇಲೆ ಆತ ‘ದಂಗ್-ದಾಮ್’ ಎನ್ನುತ್ತಾ ಬಲ್ಬು ತೆಗೆದು ಕೊಟ್ಟನಂತೆ. ಮರುದಿನ ಆಫೀಸಿನಲ್ಲಿ ಅರ್ಥ ಕೇಳಿದ್ದಾಳೆ. ‘ದಂಗ್’ ಅಂದರೆ ದೀಪ, ‘ದಾಮ್’ ಅಂದರೆ ಪಿತ್ತಕೋಶ.

“ಅಂಕಲ್, ಇವರು ಬಲ್ಬಿಗೆ ದೀಪದ ಪಿತ್ತಕೋಶ ಅಂತಾರೆ!” ಎಂದು ಅವಳು ನಗುತ್ತಿದ್ದಳು.

“ನಗಬೇಡ ಮಗಳೇ, ಹಲಗೂರಿನಲ್ಲಿ ನಮ್ಮಜ್ಜಿ ಅದನ್ನೇ ಬುರುಡೆ ಅಂತಿದ್ಲು” ಎಂದೆ. ಅತ್ತ ಕಡೆ ನಗು ಇನ್ನೂ ಜೋರಾಯಿತು.

ಫೋನಿಟ್ಟ ಮೇಲೆ ನನಗೆ ನಿದ್ದೆ ಬರಲಿಲ್ಲ. ಗಾಜಿನ ಒಂದು ಉಂಡೆಯನ್ನು ಮೊದಲ ಸಲ ಕಂಡ ಜನ, ಅಲ್ಲಿ ಪಿತ್ತಕೋಶವನ್ನು ನೆನೆದರು, ಇಲ್ಲಿ ತಲೆಬುರುಡೆಯನ್ನೋ ಸೋರೆಬುರುಡೆಯನ್ನೋ ನೆನೆದರು. ಎರಡೂ ಕಡೆ ಹೊಸ ವಸ್ತುವಿಗೆ ಹೆಸರು ಸಿಕ್ಕಿದ್ದು ಹಳೆಯ ಮೈಯಿಂದ, ಹಿತ್ತಿಲಿನಿಂದ. ಹಾಗಿದ್ದರೆ ನಮ್ಮ ಮನೆಯೊಳಗಿನ ಕರೆಂಟಿನ ಸಾಮಾನುಗಳಿಗೆ ನಾವು ಕರೆಯುವ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿದರೆ, ಕರೆಂಟು ನಮ್ಮೂರಿಗೆ ಬಂದ ದಾರಿ ಕಾಣಿಸಬಹುದಲ್ಲ ಅನ್ನಿಸಿತು. ಈ ಬರಹ ಆ ರಾತ್ರಿಯ ಯೋಚನೆಯ ಮುಂದುವರಿಕೆ.

ನನಗೆ ಈ ವಿಷಯದಲ್ಲಿ ಒಂದು ಹಳೆಯ ಗಾಯವೂ ಇದೆ. ಮಿಡ್ಲ್‌ಸ್ಕೂಲಿನಲ್ಲಿದ್ದಾಗ ‘ನನ್ನ ಊರು’ ಎಂಬ ಪ್ರಬಂಧದಲ್ಲಿ “ನಮ್ಮ ಮನೆಗೆ ಹೋದ ವರ್ಷ ಕರೆಂಟು ಬಂತು, ನಡುಮನೆಯಲ್ಲಿ ಒಂದು ಬುರುಡೆ ಇದೆ” ಎಂದು ಬರೆದಿದ್ದೆ. ಮೇಷ್ಟರು ಎರಡೂ ಪದಗಳನ್ನು ಕೆಂಪು ಶಾಯಿಯಲ್ಲಿ ಹೊಡೆದು, ಮೇಲೆ ‘ವಿದ್ಯುಚ್ಛಕ್ತಿ’, ‘ವಿದ್ಯುದ್ದೀಪ’ ಎಂದು ತಿದ್ದಿದ್ದರು. ‘ಕರೆಂಟು’ ಇಂಗ್ಲಿಷು, ‘ಬುರುಡೆ’ ಹಳ್ಳಿಗಮಾರರ ಮಾತು ಎಂಬುದು ಅವರ ವಿವರಣೆ. ಅಂದು ಸಂಜೆ ಮನೆಗೆ ಬಂದು ಅಜ್ಜಿಗೆ “ಬುರುಡೆ ಅನ್ನಬಾರದಂತೆ” ಎಂದು ಪಾಠ ಮಾಡಿದೆ. ಅವಳು “ಅಂಗಾರೆ ಏನನ್ಬೇಕಂತ್ಲಾ?” ಎಂದು ಕೇಳಿದಳು. ಹೇಳಿದೆ. ಆಕೆಗೆ ಮೂರು ಸಲ ಪ್ರಯತ್ನಿಸಿದರೂ ನಾಲಿಗೆ ಹೊರಳಲಿಲ್ಲ. ಅವತ್ತಿನಿಂದ ನನ್ನೆದುರು ಅವಳು ಬಲ್ಬಿಗೆ ‘ಅದು’ ಎನ್ನತೊಡಗಿದಳು. “ಅದನ್ನ ಆಕ್ಲಾ, ಕತ್ಲಾಯ್ತು” ಎನ್ನುವಳು. ಒಂದು ಪದವನ್ನು ನಾನು ಅವಳ ಬಾಯಿಂದ ಕಿತ್ತುಕೊಂಡಿದ್ದೆ ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು.

ಹಲಗೂರು ಇರುವುದು ಮಳವಳ್ಳಿ ತಾಲ್ಲೂಕಿನಲ್ಲಿ, ಕನಕಪುರದಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ. ಕರೆಂಟಿನ ಚರಿತ್ರೆಯ ಮಟ್ಟಿಗೆ ಇದು ಸಾಮಾನ್ಯ ತಾಲ್ಲೂಕಲ್ಲ. ಕಾವೇರಿ ಗಗನಚುಕ್ಕಿಯಾಗಿ ಧುಮುಕುವ ಶಿವನಸಮುದ್ರದ ವಿದ್ಯುದಾಗಾರ ನಮ್ಮ ತಾಲ್ಲೂಕಿನದು. ಶಿಂಷಾ ನದಿಯ ಮೇಲೆ 1940ರಲ್ಲಿ ಶುರುವಾದ ಎರಡನೆಯ ವಿದ್ಯುದಾಗಾರವೂ ನಮ್ಮದೇ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶಿವನಸಮುದ್ರದ ಯೋಜನೆಗೆ ಕೈಹಾಕಿದರು. ಎಂಜಿನಿಯರ್ ಜೋಲಿ ಡಿ ಲೋಟ್ಬಿನಿಯೆರ್ ಅದರ ರೂವಾರಿ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿದ್ಯುತ್ ಯಂತ್ರಗಳು, ಸ್ವಿಟ್ಜರ್‌ಲೆಂಡಿನ ಎಷರ್ ವಿಸ್ ಕಂಪನಿಯ ಟರ್ಬೈನುಗಳು ಹಡಗಿನಲ್ಲಿ ಬಂದು, ಆಮೇಲೆ ಈ ಕಾಡುದಾರಿಯಲ್ಲಿ ಸಾಗಿದವು. 1902ರ ಜೂನ್ 30ರಂದು ಇಲ್ಲಿನ ಕರೆಂಟು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಶೇಷಾದ್ರಿ ಅಯ್ಯರ್ ಅದನ್ನು ನೋಡಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. ಈಗ ಆ ವಿದ್ಯುದಾಗಾರಕ್ಕೆ ಅವರದೇ ಹೆಸರು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿದೀಪಗಳು ಹತ್ತಿದವು.

ವಿದ್ಯುದಾಗಾರದ ಆಸುಪಾಸಿನ ವಸತಿಗೆ ಇವತ್ತಿಗೂ ‘ಬ್ಲಫ್’ ಎಂದೇ ಹೆಸರು. ಇಂಗ್ಲಿಷಿನಲ್ಲಿ ಕಡಿದಾದ ಬಂಡೆಗೋಡೆಗೆ ಹಾಗೆನ್ನುತ್ತಾರೆ. ನಮ್ಮ ಜನಕ್ಕೆ ಗೊತ್ತಿರುವುದು ಆ ಪದದ ಇನ್ನೊಂದು ಅರ್ಥ, ಸುಳ್ಳು ಅಂತ. ಕನ್ನಡದಲ್ಲಿ ‘ಬುರುಡೆ’ಗೂ ಅದೇ ಅರ್ಥ ಇದೆಯಲ್ಲ, ‘ಬುರುಡೆ ಬಿಡಬೇಡ’ ಅನ್ನುತ್ತೇವೆ. ನಮ್ಮ ತಾತ ಇದನ್ನು ಹಿಡಿದು “ಬ್ಲಫ್ನಲ್ಲಿ ಉಟ್ಟಿ ಬುರುಡೇಲಿ ಉರಿಯೋದು, ಇದ್ನ ಎಂಗಪ್ಪ ನಂಬೋದು?” ಎಂದು ಜಗಲಿಯ ಮೇಲೆ ಕೂತು ತಮಾಷೆ ಮಾಡುತ್ತಿದ್ದ. ತಮಾಷೆಯೊಳಗೆ ಒಂದು ಕಹಿಯೂ ಇತ್ತು. ಅವನು ಹುಟ್ಟುವ ಮೊದಲೇ ನಮ್ಮ ಸೀಮೆಯಿಂದ ಹೊರಟ ತಂತಿ ದೂರದ ಚಿನ್ನದ ಗಣಿಯನ್ನು ಬೆಳಗಿತ್ತು. ನಮ್ಮ ಮನೆಗೆ ಒಂದು ಬಲ್ಬು ಬರುವ ಹೊತ್ತಿಗೆ ಅವನಿಗೆ ಮೊಮ್ಮಕ್ಕಳಾಗಿದ್ದರು.

ಅಲ್ಲಿಯವರೆಗೆ ನಮ್ಮನೆಯಲ್ಲಿ ಉರಿಯುತ್ತಿದ್ದದ್ದು ಸೀಮೆಎಣ್ಣೆ ಬುಡ್ಡಿ, ಹೊರಗೆ ಹೊರಟರೆ ಲಾಟೀನು. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಸೀಮೆಎಣ್ಣೆ ನಮ್ಮದಲ್ಲ. ಅದು ಹಡಗಿನಲ್ಲಿ, ಡಬ್ಬಗಳಲ್ಲಿ ಪರದೇಶದಿಂದ ಬಂದದ್ದು. ಆದರೂ ಅದಕ್ಕೆ ಅಚ್ಚುಕಟ್ಟಾದ ಕನ್ನಡ ಹೆಸರಿದೆ. ಹೊರಗಿನಿಂದ ಬಂದದ್ದಕ್ಕೆಲ್ಲ ‘ಸೀಮೆ’ ಎಂದು ಸೇರಿಸುವುದು ನಮ್ಮವರ ಹಳೆಯ ಜಾಣತನ. ಸೀಮೆಸುಣ್ಣ, ಸೀಮೆಹಸು, ಸೀಮೆಬದನೆ ಎಲ್ಲ ಹಾಗೆ ಹುಟ್ಟಿದವು. ಕರೆಂಟಾದರೋ ನಮ್ಮ ನದಿಯಲ್ಲೇ, ನಮ್ಮ ತಾಲ್ಲೂಕಿನಲ್ಲೇ ಹುಟ್ಟಿದ್ದು. ಅದಕ್ಕೆ ಸಿಕ್ಕಿದ್ದು ಇಂಗ್ಲಿಷು ಹೆಸರು. ಪರದೇಶದ ಎಣ್ಣೆ ಕನ್ನಡದ್ದಾಯಿತು, ಮನೆಯ ಬಾಗಿಲಿನ ಮಿಂಚು ಪರದೇಶದ್ದಾಯಿತು.

ಇದಕ್ಕೆ ಕಾರಣ ಏನಿರಬಹುದು? ನನಗೆ ತೋರುವುದು ಇಷ್ಟು. ಎಣ್ಣೆ ಕೈಗೆ ಬಂತು. ಹೆಂಗಸರು ಅದನ್ನು ಸಂತೆಯಲ್ಲಿ ಅಳೆಸಿಕೊಂಡರು, ಬುಡ್ಡಿಗೆ ಸುರಿದರು, ಬತ್ತಿ ಹೊಸೆದರು, ವಾಸನೆ ಕುಡಿದರು. ಕೈಯಾಡಿದ ವಸ್ತುವಿಗೆ ಬಾಯಿ ತಾನೇ ಹೆಸರು ಕೊಡುತ್ತದೆ. ಕರೆಂಟು ಬಹಳ ಕಾಲ ನಮ್ಮ ಸೀಮೆಯ ಆಕಾಶದಲ್ಲೇ ಹರಿದುಹೋಯಿತು. ಕೊನೆಗೆ ಮನೆಯೊಳಗೆ ಬಂದಾಗ ಒಂಟಿಯಾಗಿ ಬರಲಿಲ್ಲ. ಅರ್ಜಿ ಫಾರಂ, ಡಿಪಾಸಿಟ್ಟು, ಮೀಟರು, ಬಿಲ್ಲು, ಲೈನ್‌ಮನ್ನು, ಆಫೀಸು ಎಲ್ಲವೂ ಜೊತೆಗೆ ಬಂದವು, ತಮ್ಮ ತಮ್ಮ ಹೆಸರನ್ನು ಹೊತ್ತುಕೊಂಡೇ ಬಂದವು. ಎಣ್ಣೆಗೆ ಹೆಸರಿಟ್ಟದ್ದು ಸಂತೆ. ಕರೆಂಟಿಗೆ ಹೆಸರಿಟ್ಟದ್ದು ಇಲಾಖೆ. 1957ರಲ್ಲಿ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಆಯಿತು. ರಾಜ್ಯದ ಹೆಸರು ಬದಲಾದ ಮೇಲೆ ಅದು ಕರ್ನಾಟಕದ್ದಾಗಿ, ಜನರ ಬಾಯಲ್ಲಿ ಕೆಇಬಿ ಆಯಿತು. ಮಂಡಳಿ 1999ರಲ್ಲಿ ನಿಗಮವಾಯಿತು, ಈಗ ಮಂಡ್ಯ ಜಿಲ್ಲೆಗೆ ಕರೆಂಟು ಹಂಚುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ನಮ್ಮೂರಿನವರಿಗೆ ಮಾತ್ರ ಇವತ್ತಿಗೂ ಅವರು ‘ಕೆಇಬಿಯೋರು’.

‘ವಿದ್ಯುತ್’ ಎಂಬ ಪದದ ಮೇಲೆ ನನಗೆ ಕೋಪವಿಲ್ಲ. ಸಂಸ್ಕೃತದಲ್ಲಿ ಅದರ ಮೂಲ ಅರ್ಥ ಮಿಂಚು. ಚೀನೀಯರೂ ಹೀಗೇ ಮಾಡಿದ್ದಾರೆ. ಮಿಂಚಿಗಿದ್ದ ಹಳೆಯ ಪದವನ್ನೇ ಕರೆಂಟಿಗೆ ಕೊಟ್ಟರು, ಕ್ಯಾಂಟನೀಸಿನಲ್ಲಿ ಅದರ ಉಚ್ಚಾರ ‘ದಿನ್’. ನೆರೆಯ ತಮಿಳರ ‘ಮಿನ್ಸಾರಂ’ನಲ್ಲೂ ಮಿಂಚೇ ಇದೆ. ಯುರೋಪಿನವರು ಮಾತ್ರ ಆಕಾಶ ನೋಡಲಿಲ್ಲ, ಬಟ್ಟೆಗೆ ಉಜ್ಜಿದರೆ ಹಗುರ ವಸ್ತುಗಳನ್ನು ಎಳೆಯುವ ಅಂಬರ್ ಎಂಬ ಮರದಂಟಿನ ಕಲ್ಲನ್ನು ನೋಡಿದರು. ಗ್ರೀಕಿನಲ್ಲಿ ಅದು ‘ಎಲೆಕ್ಟ್ರಾನ್’. 1600ರಲ್ಲಿ ವಿಲಿಯಂ ಗಿಲ್ಬರ್ಟ್ ಬರೆದ ಲ್ಯಾಟಿನ್ ಗ್ರಂಥದಿಂದ ಆ ಹೆಸರು ಹರಡಿತು. ‘ಕರೆಂಟು’ ಅಂದರೆ ಹರಿಯುವುದು, ಹೊಳೆಯ ನೀರಿಗೂ ಇಂಗ್ಲಿಷಿನಲ್ಲಿ ಅದೇ ಪದ. ಕಾವೇರಿಯ ಹರಿವಿನಿಂದ ಹುಟ್ಟಿದ್ದಕ್ಕೆ ‘ಹರಿವು’ ಎಂಬ ಹೆಸರೇ ಅಂಟಿಕೊಂಡದ್ದು ಆಕಸ್ಮಿಕ. ಆದರೂ ನನಗದು ಇಷ್ಟ.

ಗೆಳೆಯನ ಮಗಳು ಈಗ ವಾರಕ್ಕೊಂದು ಪದ ಕಳಿಸುತ್ತಾಳೆ. ಹಾಂಗ್‌ಕಾಂಗ್‌ಗೆ 1890ರ ಡಿಸೆಂಬರಿನಲ್ಲಿ ಕರೆಂಟು ಬಂತು, ಬೆಂಗಳೂರಿಗಿಂತ ಹದಿನೈದು ವರ್ಷ ಮೊದಲು. ಅಲ್ಲಿ ಫ್ರಿಜ್ಜು ‘ಹಿಮದ ಬೀರು’. ಟಿವಿ ‘ಮಿಂಚುನೋಟ’. ಎ.ಸಿ. ಬರೀ ‘ತಣ್ಣನೆ ಗಾಳಿ’. ಲ್ಯಾಪ್‌ಟಾಪಿನ ತಂತಿಯ ನಡುವೆ ಬಿಸಿಯಾಗಿ ಕೂತಿರುವ ಅಡಾಪ್ಟರಿನ ಕರಿ ಡಬ್ಬಿ ‘ಬೆಂಕಿ ಎತ್ತು’. ಇದನ್ನು ಓದಿ ನಾನೂ ನಕ್ಕೆ. ಆದರೆ ಅವರಿಗೂ ಎಲ್ಲವನ್ನೂ ತಮ್ಮ ಮಾತಿನಲ್ಲಿ ಹೇಳಲಾಗಲಿಲ್ಲ. ಪ್ಲಗ್ಗಿಗೆ ‘ಚಾಪ್-ಸೋ’ ಅನ್ನುತ್ತಾರೆ. ‘ಚಾಪ್’ ಅಂದರೆ ಚುಚ್ಚು, ‘ಸೋ’ ಅನ್ನುವುದು ಇಂಗ್ಲಿಷಿನ ಸಾಕೆಟ್ಟಿನ ಚೂರು ಎನ್ನುತ್ತಾರೆ. ಫ್ಯೂಸಿಗೆ ‘ಫೂಯ್-ಸೀ’. ಅಂದರೆ ಫ್ಯೂಸೇ. ಬರೆಯಲು ಆರಿಸಿಕೊಂಡ ಮೊದಲ ಅಕ್ಷರಕ್ಕೆ ಬೂದಿ ಎಂಬ ಅರ್ಥವಿದೆ. ಸುಟ್ಟುಹೋಗುವ ತಂತಿಗೆ ಬೂದಿಯ ಅಕ್ಷರ! ನಮ್ಮಲ್ಲಿ ಅದೇ ಪದ ‘ಫೀಜು’ ಆಯಿತು. “ಫೀಜೋಗದೆ” ಎನ್ನುವಾಗ ನಮ್ಮವರಾರಿಗೂ ತಾವು ಇಂಗ್ಲಿಷು ಮಾತಾಡುತ್ತಿದ್ದೇವೆ ಅನ್ನಿಸುವುದಿಲ್ಲ.

ಅನ್ನಿಸದಿರುವುದಕ್ಕೆ ವ್ಯಾಕರಣದಲ್ಲೇ ಕಾರಣವಿದೆ. ಕನ್ನಡದ ನಾಲಿಗೆಗೆ ಪದದ ಕೊನೆಯಲ್ಲಿ ವ್ಯಂಜನ ನಿಂತರೆ ಸಮಾಧಾನವಿಲ್ಲ, ಒಂದು ‘ಉ’ ಬೇಕು. ಅದರಲ್ಲೂ ಒಂದು ಲೆಕ್ಕವಿದೆ. ಸ್ವಿಚ್ಚು, ಪ್ಲಗ್ಗು, ಬಿಲ್ಲು, ಸೆಲ್ಲು ಎನ್ನುವಾಗ ಹಿಂದಿನ ಸ್ವರ ಹ್ರಸ್ವ, ಹಾಗಾಗಿ ವ್ಯಂಜನ ಇಮ್ಮಡಿಯಾಗುತ್ತದೆ. ಫ್ಯಾನು, ವೈರು, ಫೇಸು ಎನ್ನುವಾಗ ಸ್ವರ ಉದ್ದ, ಇಮ್ಮಡಿ ಬೇಕಿಲ್ಲ. ಹಳ್ಳಿಯ ಯಾರಿಗೂ ಇದನ್ನು ಯಾರೂ ಕಲಿಸಿಲ್ಲ. ಕಲ್ಲು, ಮುಳ್ಳು, ಕಾಲು, ಬೇರು ಎಂಬ ಪದಗಳು ನಡೆದ ದಾರಿಯಲ್ಲೇ ಅವು ನಡೆದವು. ಆಮೇಲೆ ವಿಭಕ್ತಿ ಹತ್ತಿಸುವುದು ಸುಲಭ: ಸ್ವಿಚ್ಚಿಗೆ, ಫ್ಯಾನಿನ ಕೆಳಗೆ, ಕರೆಂಟಿಲ್ಲದೆ. ಪದ ಹೊರಗಿನದಾದರೂ ಅದರ ಉಡುಗೆ ನಮ್ಮದು. ಮೇಷ್ಟರ ಕೆಂಪು ಶಾಯಿಗೆ ಕಾಣಿಸದೇ ಹೋದದ್ದು ಈ ಉಡುಗೆ.

ನಾಮಪದಕ್ಕಿಂತ ಗಟ್ಟಿ ನಮ್ಮ ಕ್ರಿಯಾಪದ. ಒಳಕಲ್ಲು ಹಿತ್ತಿಲು ಸೇರಿತು, ಮಿಕ್ಸಿ ಬಂತು. ಆದರೆ ಅವ್ವ ಇವತ್ತಿಗೂ ಮಿಕ್ಸಿಯಲ್ಲಿ ‘ರುಬ್ಬು’ತ್ತಾಳೆ. ರಾಗಿಕಲ್ಲು ಹೋಗಿ ಮಿಲ್ಲು ಬಂತು. ರಾಗಿಯನ್ನು ಈಗಲೂ ‘ಬೀಸಿಸಿಕೊಂಡು’ ಬರುತ್ತೇವೆ. ಕೈಯ ಕೆಲಸ ನಿಂತ ಮೇಲೂ ಕೈಯ ನೆನಪು ಮಾತಿನಲ್ಲಿ ಉಳಿದಿದೆ. ಆದರೆ ಎಲ್ಲವೂ ಉಳಿಯಲಿಲ್ಲ ಎನ್ನುವುದನ್ನೂ ಹೇಳಬೇಕು. ಕೋಳಿ ಕೂಗುವ ಹೊತ್ತಿಗೆ ಎದ್ದು ಕಲ್ಲಿನ ಮುಂದೆ ಕೂತು ಅಜ್ಜಿ ಹೇಳುತ್ತಿದ್ದ ಬೀಸುವ ಪದಗಳು ಮಿಲ್ಲಿನ ಬೆಲ್ಟಿನ ಸದ್ದಿನಲ್ಲಿ ಬದುಕಲಿಲ್ಲ. ಆಕೆಯ ರಟ್ಟೆಗೆ ಬಿಡುವು ಸಿಕ್ಕಿತು, ಹಾಡಿಗೆ ಕೆಲಸ ಇಲ್ಲವಾಯಿತು. ಯಾವುದು ಲಾಭ ಯಾವುದು ನಷ್ಟ ಎಂದು ಅವಳನ್ನು ಕೇಳಿದ್ದರೆ, ರಟ್ಟೆಯ ಕಡೆಗೇ ಓಟು ಹಾಕುತ್ತಿದ್ದಳು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ದೀಪದ ವಿಷಯದಲ್ಲಿ ಮಾತಿನ ನಾಜೂಕು ಇನ್ನೂ ಹೆಚ್ಚು. ದೀಪವನ್ನು ‘ಹಚ್ಚು’ತ್ತೇವೆ. ಅದು ‘ಆರಿತು’ ಎನ್ನುವುದು ಅಶುಭ, ಹಾಗಾಗಿ ‘ದೀಪ ದೊಡ್ಡದು ಮಾಡು’ ಎಂದು ತಿರುಗಿಸಿ ಹೇಳುವ ರೂಢಿ. ಬಲ್ಬಿಗೆ ಈ ಮರ್ಯಾದೆ ಅರ್ಧ ಮಾತ್ರ ಸಿಕ್ಕಿತು. ಬೆಳಗ್ಗೆ ಎದ್ದು “ಲೈಟ್ ಆಫ್ ಮಾಡು” ಎನ್ನುವುದರಲ್ಲಿ ಯಾರಿಗೂ ಅಳುಕಿಲ್ಲ. ಇಂಗ್ಲಿಷಿನ ‘ಆಫ್’ಗೆ ಅಪಶಕುನ ಅಂಟಿಲ್ಲವಲ್ಲ! ಆದರೆ ಮುಸ್ಸಂಜೆ ಸ್ವಿಚ್ಚು ಒತ್ತಿದ ಕೂಡಲೇ ಅಜ್ಜಿ ಬಲ್ಬಿನ ಕಡೆ ತಿರುಗಿ ಕೈಮುಗಿಯುತ್ತಿದ್ದಳು. ಅವ್ವನೂ ಮುಗಿಯುತ್ತಾಳೆ. ಬೆಳಗ್ಗೆ ಅದು ಲೈಟು, ಸಂಜೆ ಅದು ದೀಪ.

ಹೋದ ಪದಗಳಲ್ಲಿ ನನಗೆ ಬಹಳ ಪ್ರಿಯವಾದದ್ದು ‘ಕ್ಯಾಂಡಲ್’. ನಮ್ಮ ಚಿಕ್ಕಂದಿನಲ್ಲಿ ಅಂಗಡಿಯಲ್ಲಿ ‘ವಾಟು’ ಎಂದು ಕೇಳುತ್ತಿರಲಿಲ್ಲ. “ನಲವತ್ತು ಕ್ಯಾಂಡಲ್ ಬಲ್ಬು ಕೊಡಿ” ಎನ್ನುತ್ತಿದ್ದೆವು. ರಾತ್ರಿ ಮಲಗುವಾಗ ಉರಿಸುವ ಪುಟ್ಟ ಬಲ್ಬು ‘ಜೀರೋ ಕ್ಯಾಂಡಲ್’. ಲೆಕ್ಕದಲ್ಲಿ ಇದು ತಪ್ಪು, ಕ್ಯಾಂಡಲ್ ಬೆಳಕಿನ ಅಳತೆ, ವಾಟು ತಿನ್ನುವ ಕರೆಂಟಿನ ಅಳತೆ. ತಪ್ಪಿನ ಹಿಂದೆ ಒಂದು ಕತೆ ಇದೆ. 1860ರಲ್ಲಿ ಇಂಗ್ಲೆಂಡಿನ ಒಂದು ಕಾಯಿದೆ ಲಂಡನ್ನಿನ ಗ್ಯಾಸ್‌ಲೈಟುಗಳ ಬೆಳಕನ್ನು ಅಳೆಯಲು ಒಂದು ಮೇಣದಬತ್ತಿಯನ್ನು ಮಾನದಂಡವಾಗಿ ಇಟ್ಟಿತು. ಆ ಬತ್ತಿಯ ತೂಕ ಒಂದು ಪೌಂಡಿನ ಆರನೇ ಒಂದು ಭಾಗ, ಮಾಡಿದ್ದು ತಿಮಿಂಗಿಲದ ತಲೆಯ ಕೊಬ್ಬಿನಿಂದ. ಎಲೆಕ್ಟ್ರಿಕ್ ಬಲ್ಬು ಬಂದಾಗ ಅದನ್ನೂ ಇಷ್ಟು ಮೇಣದಬತ್ತಿಗೆ ಸಮ ಎಂದೇ ಮಾರಿದರು. ಕಡಲನ್ನೇ ನೋಡದ ನನ್ನಜ್ಜಿ “ನೂರು ಕ್ಯಾಂಡಲ್ ಯಾಕ್ಲಾ, ಬಿಲ್ಲು ಯಾರ್ ಕಟ್ಟಾರು?” ಎಂದು ಗದರುವಾಗ, ಅವಳ ಬಾಯಲ್ಲಿ ಅಟ್ಲಾಂಟಿಕ್ಕಿನ ಒಂದು ತಿಮಿಂಗಿಲ ಈಜುತ್ತಿತ್ತು. ಪಠ್ಯಪುಸ್ತಕ ಕೈಬಿಟ್ಟ ಚರಿತ್ರೆಯನ್ನು ಆಡುಮಾತು ಇಷ್ಟು ಜೋಪಾನವಾಗಿ ಇಟ್ಟುಕೊಳ್ಳುತ್ತದೆ.

ಇನ್ನು ಪಾಂಡಿತ್ಯದ ಪದಗಳ ಮಾತು. ಅವು ಸೋತೇ ಹೋದವು ಎಂದರೆ ಅನ್ಯಾಯವಾಗುತ್ತದೆ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆ ತೆಗೆದು, ಕನ್ನಡದಲ್ಲಿ ವಿಜ್ಞಾನ ಹೇಳಲು ಪದ ಹುಡುಕಿದವರು. ಅವರಂಥವರ ಶ್ರಮ ಇಲ್ಲದಿದ್ದರೆ ನಾನು ಈ ಲೇಖನವನ್ನೂ ಬರೆಯಲಾಗುತ್ತಿರಲಿಲ್ಲ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಶುರುಮಾಡಿದ ಬಾನುಲಿ ಕೇಂದ್ರಕ್ಕಿಟ್ಟ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ್ದಾಯಿತು. ಆದರೂ ನೋಡಿ, ‘ಆಕಾಶವಾಣಿ’ ಎನ್ನುವುದು ಮಾತಾಡುವ ಸಂಸ್ಥೆಯ ಹೆಸರಾಗಿ ಗೆದ್ದಿತು. ಗೂಡಿನಲ್ಲಿ ಕೂತ ಪೆಟ್ಟಿಗೆ ‘ರೇಡಿಯೋ’ ಆಗಿಯೇ ಉಳಿಯಿತು. ಕೇಳುವ ದನಿಗೆ ದೇವಭಾಷೆ ಒಪ್ಪುತ್ತದೆ, ಧೂಳು ಒರೆಸುವ ಪೆಟ್ಟಿಗೆಗೆ ಒಪ್ಪುವುದಿಲ್ಲ.

ಪದ ಒಪ್ಪದಿದ್ದರೆ ಏನಾಗಿಬಿಡುತ್ತದೆ ಎಂದು ಕೇಳಬಹುದು. ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ. ಅಪ್ಪ ನಾಲ್ಕನೇ ಕ್ಲಾಸಿನವರೆಗೆ ಓದಿದ್ದವನು, ಕನ್ನಡ ಚೆನ್ನಾಗಿ ಓದುತ್ತಿದ್ದ. ಬಾವಿಗೆ ಮೋಟ್ರು ಹಾಕಿಸಿದ ವರ್ಷ ಅದರ ಜೊತೆ ಒಂದು ಕನ್ನಡದ ಕರಪತ್ರ ಬಂದಿತ್ತು. ಅದರಲ್ಲಿ ‘ಭೂಸಂಪರ್ಕ’ ಕಡ್ಡಾಯ ಎಂಬ ಮಾತಿತ್ತು. ಅಪ್ಪ ಅದನ್ನು ಎರಡು ಸಲ ಓದಿ, ಭೂಮಿಗೆ ಸಂಪರ್ಕ ಅಂದರೆ ಮೋಟ್ರು ಅಲ್ಲಾಡದಂತೆ ನೆಲಕ್ಕೆ ಬಿಗಿಯಬೇಕು ಎಂದು ತಿಳಿದ. ಚಪ್ಪಡಿ ಕಲ್ಲು ಹಾಸಿ ನಾಲ್ಕು ಬೋಲ್ಟು ಬಿಗಿದು ನಿಶ್ಚಿಂತನಾದ. ಮಳೆಗಾಲದ ಒಂದು ಬೆಳಗ್ಗೆ ಮೋಟ್ರು ಮುಟ್ಟಿದವನನ್ನು ಕರೆಂಟು ಎತ್ತಿ ಬದುವಿನ ಮೇಲೆ ಎಸೆಯಿತು. ಬದುಕಿದ. ಬಲಗೈಯ ಎರಡು ಬೆರಳು ಕೊನೆಯವರೆಗೂ ಸರಿಯಾಗಿ ಮಡಚಲಿಲ್ಲ.

ಆ ಕರಪತ್ರದಲ್ಲಿ ‘ಅರ್ತ್ ಮಾಡಿಸಿ’ ಎಂದಿದ್ದರೆ ಸಾಕಿತ್ತು. ಊರಾಚೆಯ ಟಿಸಿ ಪಕ್ಕ ಗುಂಡಿ ತೋಡಿ ಇದ್ದಿಲು, ಉಪ್ಪು ಹಾಕಿ ‘ಅರ್ತ್’ ಮಾಡುವುದನ್ನು ಅಪ್ಪ ಎಷ್ಟೋ ಸಲ ನಿಂತು ನೋಡಿದ್ದ. ಟ್ರಾನ್ಸ್‌ಫಾರ್ಮರಿಗೆ ಟಿಸಿ ಎನ್ನುವುದು, ತ್ರೀ ಫೇಸು, ಸಿಂಗಲ್ ಫೇಸು, ಸ್ಟಾರ್ಟರು ಎಲ್ಲವೂ ಅವನಿಗೆ ಎತ್ತು-ನೇಗಿಲಿನಷ್ಟೇ ಪರಿಚಿತ ಪದಗಳು. ತಿಳಿದ ಪದವನ್ನು ಬಿಟ್ಟು ತಿಳಿಯದ ಪದವನ್ನು ಬರೆದವರು ಕನ್ನಡದ ಮೇಲಿನ ಪ್ರೀತಿಯಿಂದಲೇ ಬರೆದಿರಬಹುದು. ಕನ್ನಡ ಓದುವವನ ಬೆರಳನ್ನು ಆ ಪ್ರೀತಿ ಉಳಿಸಲಿಲ್ಲ. ‘ಭೂಸಂಪರ್ಕ’ ಕನ್ನಡದ ಪದ, ‘ಅರ್ತ್’ ಕನ್ನಡಿಗರ ಪದ. ಎಚ್ಚರಿಕೆ ಬರೆಯುವಾಗ ಎರಡನೆಯದನ್ನು ಆರಿಸಿಕೊಳ್ಳಬೇಕು ಎಂಬುದು ಅಪ್ಪನ ಬೆರಳುಗಳಿಂದ ನಾನು ಕಲಿತ ಪಾಠ.

ಕನ್ನಡ ಓದುವ ವಿದ್ಯಾರ್ಥಿಗಳಿಗೆ ನನ್ನದೊಂದು ಕೋರಿಕೆ ಇದೆ. ಊರಿಗೆ ಹೋದಾಗ ಮನೆಯ ಹಿರಿಯರ ಎದುರು ಕೂತು, ಕರೆಂಟಿನ ಒಂದೊಂದು ಸಾಮಾನನ್ನೂ ತೋರಿಸಿ “ಇದಕ್ಕೆ ಮೊದಲು ಏನಂತಿದ್ರಿ?” ಎಂದು ಕೇಳಿ ಬರೆದುಕೊಳ್ಳಿ. ಟಾರ್ಚಿಗೆ ‘ಬ್ಯಾಟ್ರಿ’ ಎಂದವರು, ಪೆಟ್ರೋಮ್ಯಾಕ್ಸಿಗೆ ‘ಗ್ಯಾಸ್‌ಲೈಟು’ ಎಂದವರು ಇನ್ನೂ ಇದ್ದಾರೆ. ಕಿಟ್ಟೆಲ್ ತಮ್ಮ ನಿಘಂಟನ್ನು ಪ್ರಕಟಿಸಿದ್ದು 1894ರಲ್ಲಿ, ಶಿವನಸಮುದ್ರದ ಕರೆಂಟಿಗೆ ಎಂಟು ವರ್ಷ ಮೊದಲು. ಈ ಪದಗಳೆಲ್ಲ ಅದಾದ ಮೇಲೆ ಜನ ಕಟ್ಟಿಕೊಂಡವು. ತಿದ್ದಬೇಡಿ, ಸುಮ್ಮನೆ ಬರೆದುಕೊಳ್ಳಿ. ನಾನು ತಿದ್ದಿ ಕಳೆದುಕೊಂಡಿದ್ದೇನೆ.

ಮೊನ್ನೆ ಹಲಗೂರಿಗೆ ಹೋಗಿದ್ದೆ. 2023ರಿಂದ ಗೃಹಜ್ಯೋತಿ ಬಂದ ಮೇಲೆ ಅವ್ವನಿಗೆ ಬಿಲ್ಲಿನ ಚಿಂತೆ ಇಲ್ಲ. ಆದರೂ ಅಭ್ಯಾಸ ಬಿಟ್ಟಿಲ್ಲ, ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗ ಸ್ವಿಚ್ಚು ಆಫ್ ಮಾಡಿಯೇ ಹೋಗುತ್ತಾಳೆ. ನಡುಮನೆಯ ಎಲ್‌ಇಡಿ ಬಲ್ಬು ಹೋಗಿತ್ತು. ಹೊಸದನ್ನು ತಂದು ಸ್ಟೂಲು ಹತ್ತಿ ಹಾಕುತ್ತಿದ್ದೆ. ಕೆಳಗೆ ಸ್ಟೂಲು ಹಿಡಿದು ನಿಂತಿದ್ದ ಅವ್ವ “ಎಷ್ಟು ಕ್ಯಾಂಡ್ಲಿಂದು?” ಎಂದಳು.

ಡಬ್ಬದ ಮೇಲೆ ಒಂಬತ್ತು ವಾಟು ಎಂದಿತ್ತು. “ಅರವತ್ತು ಕ್ಯಾಂಡಲ್ ಅಷ್ಟು ಬೆಳಕು ಕೊಡ್ತದೆ ಕಣವ್ವ, ಈ ಬುರುಡೆ” ಎಂದೆ.

ಅವ್ವ ಒಮ್ಮೆ ನನ್ನ ಮುಖ ನೋಡಿ, ಹೋಗಿ ಸ್ವಿಚ್ಚು ಒತ್ತಿ, ಕೈಮುಗಿದಳು.